ಹೊರದೇಶದ ವ್ಯಾಪಾರ: ಹೋಗೋದು ಸರಿ, ಬರೋದು ಹೆಂಗೆ?

(ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಳೆದ ತಿಂಗಳು ಗುಂಡ್ಲುಪೇಟೆ ಕಡೆಯ ಒಂದು ಸಂಘದ ವಾರದ ಸಭೆಯಲ್ಲಿ ನಾವು ಕುಳಿತಿದ್ದೆವು. ಉಳಿತಾಯ ಕಟ್ಟಿದ್ದಾಯಿತು, ಮರುಪಾವತಿ ಬರೆದದ್ದಾಯಿತು, ಆಮೇಲೆ ಸಾಲದ ಅರ್ಜಿಗಳು ಬಂದವು. ಒಬ್ಬರಿಗೆ ಹಸು, ಒಬ್ಬರಿಗೆ ಹೊಲಿಗೆ ಯಂತ್ರ, ಇನ್ನೊಬ್ಬರಿಗೆ ಮಗಳ ಕಾಲೇಜು ಫೀಸು. ನಾಲ್ಕನೆಯ ಅರ್ಜಿಯಲ್ಲಿ ಕಾರಣ ಎಂಬಲ್ಲಿ "ಹೊರದೇಶದಲ್ಲಿ ವ್ಯಾಪಾರ" ಎಂದು ಬರೆದಿತ್ತು. ಕೇಳಿದ್ದು ಎರಡು ಲಕ್ಷ. ಅರ್ಜಿ ಕೊಟ್ಟ ತಂಗಿ ಐದು ವರ್ಷದಿಂದ ಅರಿಸಿನ ಪುಡಿ, ಸಾಂಬಾರ್ ಪುಡಿ ಮಾಡಿ ಮಾರುತ್ತಿರುವವಳು, ಒಂದು ಕಂತೂ ತಪ್ಪಿಸಿದವಳಲ್ಲ. "ಇಲ್ಲಿ ಕೆಜಿಗೆ ಸಿಗೋ ಲಾಭ ಅಲ್ಲಿ ಕಾಲು ಕೆಜಿಗೇ ಸಿಕ್ತದಂತೆ. ಯಾವ ದೇಶ ಆದ್ರೆ ಒಳ್ಳೇದು, ನೀವೇ ಹೇಳಿ" ಎಂದು ನಮ್ಮನ್ನು ಕೇಳಿದಳು. ಮೂಲೆಯಲ್ಲಿದ್ದ ಅಜ್ಜಿಯೊಬ್ಬರು, "ಹೋಗೋದು ಸರಿ ಕಣವ್ವ, ಬರೋದು ಹೆಂಗೆ?" ಅಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಮನೆಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇವೆ.

ಹೆಣ್ಣುಮಕ್ಕಳು ಹೊರದೇಶಕ್ಕೆ ಹೋಗಬಾರದು ಎಂದು ನಾವು ಹೇಳುವುದಿಲ್ಲ. ಗಡಿ ದಾಟಿ ವ್ಯಾಪಾರ ಮಾಡುವುದು ನಮಗೆ ಹೊಸದೂ ಅಲ್ಲ. ನಮ್ಮ ಚೆಂಡು ಹೂ ಓಣಂಗೆ ಕೇರಳಕ್ಕೆ ಹೋಗುತ್ತದೆ, ಅರಿಸಿನ ಈರೋಡಿಗೆ ಹೋಗುತ್ತದೆ, ತರಕಾರಿ ಸುಲ್ತಾನ್ ಬತ್ತೇರಿಗೂ ಊಟಿಗೂ ಹೋಗುತ್ತದೆ. ಭಾಷೆ ಬೇರೆ, ತೂಕದವರು ಬೇರೆ, ಪೊಲೀಸರು ಬೇರೆ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಬಿಡುವುದಿಲ್ಲ. ಅದು ತಿಳಿಯದೆ ಹೊರಟವರ ಸೊಪ್ಪು ಚೆಕ್‌ಪೋಸ್ಟಿನಲ್ಲೇ ಬಾಡುತ್ತದೆ. 2018ರ ಆಗಸ್ಟ್‌ನಲ್ಲಿ ಓಣಂ ಹೊತ್ತಿಗೇ ಕೇರಳದಲ್ಲಿ ನೆರೆ ಬಂದದ್ದು ಹೂ ಬೆಳೆದವರಿಗೆ ನೆನಪಿರಬೇಕು. ನಷ್ಟವಾಯಿತು, ನಿಜ. ಆದರೆ ನಷ್ಟವಾದವರು ಸಂಜೆಗೆ ತಮ್ಮ ಮನೆಯಲ್ಲೇ ಇದ್ದರು. ದೂರದ ದೇಶದಲ್ಲಿ ಅಂಥದ್ದೇ ಏನಾದರೂ ಆದರೆ?

ನಮ್ಮ ಪಕ್ಕದ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರನ್ನು ನೀವು ಜಾತ್ರೆಗಳಲ್ಲಿ ನೋಡಿರುತ್ತೀರಿ. ಬೇಟೆಯಾಡಿ ಬದುಕುತ್ತಿದ್ದವರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ದಾರಿ ಮುಚ್ಚಿತು. ಸರ, ಪಿನ್ನು, ಗಿಡಮೂಲಿಕೆ ಎಣ್ಣೆ ಮಾರಾಟಕ್ಕೆ ಇಳಿದರು. ಅವರಲ್ಲಿ ಹಲವರು ಕೂದಲೆಣ್ಣೆ ಹಿಡಿದು ಆಫ್ರಿಕಾದ ದೇಶಗಳವರೆಗೂ ಹೋಗಿ ವ್ಯಾಪಾರ ಮಾಡಿಬಂದರು. ಹೆಚ್ಚು ಓದಿದವರಲ್ಲ, ಕೈಯಲ್ಲಿ ಕಂಪನಿ ಇಲ್ಲ, ಆದರೂ ಹೋದರು. ಅವರ ಧೈರ್ಯಕ್ಕೆ ನಾವು ಕೈ ಮುಗಿಯಬೇಕು. ಅವರು ಒಬ್ಬೊಬ್ಬರೇ ಹೋಗುವುದಿಲ್ಲ. ನೆಂಟರು, ಗಂಡ ಹೆಂಡಿರು, ಮೊದಲೇ ಹೋಗಿ ಬಂದವರು ಜೊತೆ ಸೇರಿ ಹೋಗುತ್ತಾರೆ. ದೇಶವನ್ನು ಯಾರೋ ಏಜೆಂಟ್ ಆರಿಸುವುದಿಲ್ಲ, ಅಲ್ಲಿ ಮಾರಿ ಬಂದ ಸ್ವಂತ ಜನ ಆರಿಸುತ್ತಾರೆ.

ಇಷ್ಟೆಲ್ಲ ಇದ್ದೂ 2023ರಲ್ಲಿ ಏನಾಯಿತು ನೋಡಿ. ಏಪ್ರಿಲ್ 15ರಂದು ಸುಡಾನ್ ದೇಶದಲ್ಲಿ ಅಲ್ಲಿಯ ಸೈನ್ಯಕ್ಕೂ ಅರೆಸೈನಿಕ ಪಡೆಗೂ ಕಾಳಗ ಶುರುವಾಯಿತು. ಅಲ್-ಫಶಿರ್ ಎಂಬ ಊರಿನಲ್ಲಿ ನಮ್ಮ ರಾಜ್ಯದ 30ಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಬಾಡಿಗೆ ಮನೆಯಲ್ಲಿ ಸಿಕ್ಕಿಬಿದ್ದರು. ಹೊರಗೆ ಗುಂಡು, ಒಳಗೆ ಊಟ ನೀರಿಗೆ ಕಷ್ಟ. ಫೋನಿನಲ್ಲಿ ಊರಿಗೆ ತಿಳಿಸಿದರು, ಪತ್ರಿಕೆಗಳಲ್ಲಿ ಬಂತು. ಭಾರತ ಸರ್ಕಾರ 'ಆಪರೇಷನ್ ಕಾವೇರಿ' ಎಂಬ ಹೆಸರಿನಲ್ಲಿ ಸುಡಾನಿನಿಂದ 3,800ಕ್ಕೂ ಹೆಚ್ಚು ಜನರನ್ನು ಕರೆತಂದಿತು. ಆದರೆ ಹಡಗು ನಿಂತಿದ್ದು ಪೋರ್ಟ್ ಸುಡಾನ್ ಬಂದರಿನಲ್ಲಿ, ದೇಶದ ಪೂರ್ವದ ಅಂಚಿನಲ್ಲಿ. ಅಲ್-ಫಶಿರ್ ಇರುವುದು ಪಶ್ಚಿಮದಲ್ಲಿ. ನಡುವೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್. ಭಾರತದ ರಾಯಭಾರ ಕಚೇರಿಯೇ ರಾಜಧಾನಿ ಖಾರ್ಟೂಮ್ ಬಿಟ್ಟು ಆ ಬಂದರಿಗೆ ಹೋಗಬೇಕಾಯಿತು. ಕೊನೆಗೆ ನಮ್ಮವರು ಜೆಡ್ಡಾ ಮೇಲೆ ಊರು ಸೇರಿದರು. ಅದೇ ಅಲ್-ಫಶಿರ್ ಒಂದು ವರ್ಷಕ್ಕೂ ಮೀರಿದ ಮುತ್ತಿಗೆಯ ನಂತರ 2025ರ ಅಕ್ಟೋಬರ್‌ನಲ್ಲಿ ಅರೆಸೈನಿಕ ಪಡೆಯ ಕೈಗೆ ಬಿತ್ತು. ಅಲ್ಲಿಯ ಜನರಿಗಾದ ಹಿಂಸೆಯನ್ನು ಇಲ್ಲಿ ಹೇಳಲು ನಾಲಗೆ ಬರುವುದಿಲ್ಲ.

ಹೀಗಿರುವಾಗ ಯಾವ ದೇಶ ಎಂದು ಕೇಳುವ ಮುಂಚೆ ಎರಡು ಮಾತು ಕೇಳಿಕೊಳ್ಳಬೇಕು. ಅಲ್ಲಿ ನಾವು ಯಾವ ಕಾಗದದ ಮೇಲೆ ಇರುತ್ತೇವೆ? ಕೆಟ್ಟ ದಿನ ಬಂದರೆ ಯಾವ ದಾರಿಯಲ್ಲಿ ಬರುತ್ತೇವೆ?

ಕಾಗದದ ವಿಷಯದಲ್ಲೇ ಹೆಚ್ಚು ಮೋಸ. ವಿಸಿಟ್ ವೀಸಾ ಎಂದರೆ ನೋಡಿಕೊಂಡು ಬರಲು, ಮಾರಲು ಅಲ್ಲ. ದುಬೈನಲ್ಲಿ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. 2021ರ ಜೂನ್‌ನಿಂದ ಅಲ್ಲಿ ಹೊರದೇಶದವರು ಬಹಳಷ್ಟು ವ್ಯಾಪಾರಗಳನ್ನು ಪೂರ್ತಿ ತಮ್ಮ ಹೆಸರಿನಲ್ಲೇ ನಡೆಸಬಹುದು, ಅಂದರೆ ನೇರವಾದ ದಾರಿ ಇದೆ. ಆದರೆ ಅದಕ್ಕೆ ತಕ್ಕ ಬಂಡವಾಳ ಬೇಕು, ಚೀಲದಲ್ಲಿ ಪುಡಿ ಒಯ್ದು ಬೀದಿಯಲ್ಲಿ ಮಾರುವವರಿಗೆ ಆ ದಾರಿ ಅಲ್ಲ. ವೀಸಾ ಮುಗಿದ ಮೇಲೆ ಉಳಿದರೆ ದಿನಕ್ಕೆ 50 ದಿರ್ಹಾಮ್ ದಂಡ, ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಗೂ ಮೇಲೆ. ಸೌದಿಯಲ್ಲಿ ಇನ್ನೂ ಬಿಗಿ. "ಅಲ್ಲಿಯವರ ಹೆಸರಲ್ಲಿ ಅಂಗಡಿ ಹಾಕಿಸ್ತೀವಿ, ನೀವು ನಡೆಸ್ಕೊಳ್ಳಿ" ಎನ್ನುವವರುಂಟು. 2020ರ ಅಲ್ಲಿಯ ಕಾನೂನಿನ ಪ್ರಕಾರ ಅದು ಅಪರಾಧ, ಐದು ವರ್ಷದವರೆಗೆ ಜೈಲು ಆಗಬಹುದು. ಮಲೇಷಿಯಾ 2023ರ ಡಿಸೆಂಬರ್‌ನಿಂದ ಭಾರತೀಯರನ್ನು ವೀಸಾ ಇಲ್ಲದೆ 30 ದಿನಕ್ಕೆ ಬಿಡತೊಡಗಿತು. ಅದು ಪ್ರವಾಸಕ್ಕೆ ಬಾಗಿಲು, ಸಂತೆಗೆ ಅಲ್ಲ. ನೇಪಾಳದ ಮಾತು ಬೇರೆ. 1950ರ ಒಪ್ಪಂದದಲ್ಲಿ ಎರಡೂ ದೇಶದವರು ಪರಸ್ಪರರ ನೆಲದಲ್ಲಿ ವಾಸ ಮಾಡಲು, ವ್ಯಾಪಾರ ಮಾಡಲು ಅವಕಾಶ ಬರೆದಿದೆ, ಪಾಸ್‌ಪೋರ್ಟ್ ಕೂಡ ಬೇಡ. ಆದರೆ ನಮ್ಮ ಏಜೆಂಟರ ಬಾಯಲ್ಲಿ ನೇಪಾಳದ ಹೆಸರು ಕೇಳಿದ್ದೇ ಇಲ್ಲ. ಕಮಿಷನ್ ಇಲ್ಲವಲ್ಲ!

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಮೇಲೆ 'ಇಸಿಆರ್' ಎಂದಿರುತ್ತದೆ. ಅಂಥವರು ಕೊಲ್ಲಿ ದೇಶಗಳು, ಮಲೇಷಿಯಾ, ಸುಡಾನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ಅನುಮತಿ ಪಡೆಯಬೇಕು. ವಿಮೆಯೂ ಅದರ ಜೊತೆಗೇ ಸಿಗುತ್ತದೆ. ಇದು ತಡೆ ಅಲ್ಲ, ಬೇಲಿ. ವಿಸಿಟ್ ವೀಸಾದಲ್ಲಿ ಕಳಿಸುವ ಏಜೆಂಟ್ ಈ ಬೇಲಿಯನ್ನು ಹಾರಿಸಿಯೇ ಕಳಿಸುತ್ತಾನೆ. ನಾಳೆ ತೊಂದರೆಯಾದರೆ ಸರ್ಕಾರದ ಪುಸ್ತಕದಲ್ಲಿ ನಮ್ಮ ಹೆಸರೇ ಇರುವುದಿಲ್ಲ. ಹೋದವರು ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಬೇಕು. ಪಾಸ್‌ಪೋರ್ಟನ್ನು ಯಾರ ಕೈಗೂ ಕೊಡಬಾರದು, ಅದರ ಒಂದು ಪ್ರತಿಯನ್ನು ಇಲ್ಲಿ ಸಂಘದ ಪೆಟ್ಟಿಗೆಯಲ್ಲಿ ಇಡಬೇಕು.

ಇನ್ನು ಸಂಘದ ಹಣ. ಬ್ಯಾಂಕಿನಿಂದ ಬಂದ ಸಾಲವನ್ನು ಒಬ್ಬರು ಕಟ್ಟದಿದ್ದರೆ ಉಳಿದವರ ತಲೆ ಮೇಲೆ. ಸರಕು ಅಲ್ಲೇ ಬಿಟ್ಟು ಜೀವ ಉಳಿಸಿಕೊಂಡು ಬಂದರೂ ಸಾಲ ಅಲ್ಲಿ ಉಳಿಯುವುದಿಲ್ಲ, ನಮ್ಮ ಹಿಂದೆಯೇ ಬರುತ್ತದೆ. ಹೋಗುವ ಖರ್ಚಿನ ಜೊತೆ ವಾಪಸ್ ಟಿಕೆಟ್ಟಿನ ಹಣ ಬೇರೆ ಪಾಸ್‌ಬುಕ್ಕಿನಲ್ಲಿ ಇದೆಯೇ ಎಂದು ಕೇಳುವುದು ಅವಮಾನ ಮಾಡಿದಂತಲ್ಲ. ಇನ್ನೊಂದು ದಾರಿಯೂ ಇದೆ, ನಾವು ಇಲ್ಲೇ ಇದ್ದು ಸರಕನ್ನು ಮಾತ್ರ ಕಳಿಸುವುದು. ಅದಕ್ಕೆ ಬೇಕಾದ ಆಮದು-ರಫ್ತು ಸಂಖ್ಯೆಗೆ ಸರ್ಕಾರದ ಶುಲ್ಕ 500 ರೂಪಾಯಿ. ಆಹಾರ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಮತ್ತು ಆಯಾ ದೇಶ ಕೇಳುವ ಪರೀಕ್ಷೆ, ಚೀಟಿ ಬೇಕಾಗುತ್ತವೆ. ಒಬ್ಬಳಿಗೆ ಭಾರ, ಹತ್ತು ಸಂಘ ಸೇರಿದ ಒಕ್ಕೂಟಕ್ಕೆ ಭಾರವಲ್ಲ.

ಆ ತಂಗಿಯ ಅರ್ಜಿ ಏನಾಯಿತು ಎಂದು ಕೇಳುತ್ತೀರಿ. ಸಂಘದವರು ಇಲ್ಲ ಎನ್ನಲಿಲ್ಲ. ವೀಸಾ ಕಾಗದದ ಪ್ರತಿ ತರಲಿ, ಆಮೇಲೆ ನೋಡೋಣ ಎಂದು ನಿರ್ಣಯ ಪುಸ್ತಕದಲ್ಲಿ ಬರೆದರು. ಮುಂದಿನ ವಾರ ತಂದಳು. ಅರವತ್ತು ದಿನದ ವಿಸಿಟ್ ವೀಸಾ. "ಅಲ್ಲಿಗೆ ಹೋದ ಮೇಲೆ ಬದಲಾಯಿಸ್ಕೊಡ್ತೀವಿ ಅಂದ್ರು" ಎಂದಳು. ಬದಲಾಯಿಸುವುದನ್ನು ಬರೆದುಕೊಡಲಿ ಎಂದು ಅಜ್ಜಿ ಹೇಳಿದರು. ಏಜೆಂಟ್ ಬರೆದುಕೊಟ್ಟಿಲ್ಲ. ಸದ್ಯಕ್ಕೆ ಅವಳು ಇನ್ನಿಬ್ಬರ ಜೊತೆ ಬೆಳಗಿನ ಬಸ್ಸಿಗೆ ಬತ್ತೇರಿಗೆ ಪುಡಿ ಒಯ್ಯುತ್ತಿದ್ದಾಳೆ, ಮಲಯಾಳಂನಲ್ಲಿ ಎಣಿಸುವುದು ಕಲಿತಿದ್ದಾಳೆ. ದುಬೈ ಆಸೆ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಅರ್ಜಿ ಇನ್ನೂ ಸಂಘದ ಪೆಟ್ಟಿಗೆಯಲ್ಲೇ ಇದೆ.