ಹಬ್ಬಕ್ಕೆ ಯಾರ ಮನೆ?



ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಎಲ್ಲೆಲ್ಲೋ ಇರುವ ಮಕ್ಕಳು ಅಂದು ಹೆತ್ತವರ ಮನೆ ಸೇರುತ್ತಾರೆ. ಮದುವೆ ಇನ್ನೂ ಆಗಿಲ್ಲ, ಆದರೆ ಒಬ್ಬರನ್ನೊಬ್ಬರು ಮೆಚ್ಚಿ ಓಡಾಡಿಕೊಂಡಿದ್ದಾರೆ ಎನ್ನುವ ಹುಡುಗ-ಹುಡುಗಿಗೆ ಆಗ ಪೀಕಲಾಟ ಶುರು. ಈ ಸಲ ನಿಮ್ಮ ಮನೆಗೋ, ನಮ್ಮ ಮನೆಗೋ, ಅವರವರ ಮನೆಗೆ ಅವರವರೋ?

ಇಲಿನಾಯ್ ವಿಶ್ವವಿದ್ಯಾಲಯದ ಕ್ರಿಸ್ ಮ್ಯಾನಿಯೋಟಿಸ್, ಬ್ರಯಾನ್ ಒಗೋಲ್ಸ್ಕಿ ಮತ್ತವರ ಸಂಗಡಿಗರು ಇಂಥ ಜೋಡಿಗಳ ಹಬ್ಬದಾಚರಣೆಯನ್ನೇ ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದರು. ಹಬ್ಬ ಪ್ರೀತಿಯನ್ನು ಬೆಸೆಯುತ್ತದೆ ಎಂದಷ್ಟೇ ಹೇಳಿದ್ದರೆ ಅದರಲ್ಲಿ ಹೊಸತೇನಿತ್ತು! ಅವರು ಕಂಡದ್ದು ಬೇರೆ. ಹಬ್ಬದಿಂದ ಕೆಲವರಿಗೆ ಮದುವೆಯ ಮನಸ್ಸು ಗಟ್ಟಿಯಾಯಿತು, ಇನ್ನು ಕೆಲವರಿಗೆ ಸಡಿಲವಾಯಿತು. ನನಗಂತೂ ಇದು ಸಹಜವೆನಿಸುತ್ತದೆ. ಸಿನಿಮಾ ನೋಡುವಾಗ, ಹೋಟೆಲಿನಲ್ಲಿ ಕೂತಾಗ ಎಲ್ಲರೂ ಒಳ್ಳೆಯವರೇ. ಅಮ್ಮನ ಮೇಲೆ ರೇಗುವನೇ, ಉಂಡ ತಟ್ಟೆ ತಾನೇ ಎತ್ತುವನೇ, ನೆಂಟರು ಕೊಂಕು ನುಡಿದಾಗ ನನ್ನ ಪರವಾಗಿ ಒಂದು ಮಾತಾಡುವಳೇ ಎನ್ನುವುದು ಗೊತ್ತಾಗುವುದು ತುಂಬಿದ ಮನೆಯಲ್ಲೇ.

ಹಾರ್ವರ್ಡ್‌ನ ಮೈಕಲ್ ನಾರ್ಟನ್ ಮತ್ತು ಜೊತೆಗಾರರ 2019ರ ಅಧ್ಯಯನ ಇನ್ನೊಂದು ಸೂಕ್ಷ್ಮ ಹೇಳುತ್ತದೆ. ಒಟ್ಟಿಗೆ ಮಾಡುವ ಆಚರಣೆಯೊಂದನ್ನು ‘ಇದು ನಮ್ಮಿಬ್ಬರ ಪದ್ಧತಿ’ ಎಂದು ಇಬ್ಬರೂ ಒಪ್ಪಿರುವ ಜೋಡಿಗಳಲ್ಲೇ ಸಂತೃಪ್ತಿ ಹೆಚ್ಚು.

ನಮ್ಮಲ್ಲಿ? ಹಬ್ಬದ ಹಿಂದಿನ ರಾತ್ರಿ ಬೆಂಗಳೂರಿನ ಮೆಜೆಸ್ಟಿಕ್‌ಗೆ ಹೋಗಿ ನೋಡಿ. ವರ್ಷವಿಡೀ ಜೊತೆಗಿದ್ದವರಲ್ಲಿ ಒಬ್ಬರು ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ, ಇನ್ನೊಬ್ಬರು ಹಾಸನದ ಬಸ್ಸು. ಮನೆಯಲ್ಲಿ ಗೊತ್ತಾದರೆ ಎಂಬ ಅಂಜಿಕೆ ಬೇರೆ. ಹೊಸ ಅಳಿಯನನ್ನು ಮೊದಲ ದೀಪಾವಳಿಗೆ ಕರೆಸಿ ಉಪಚರಿಸುವ ಚೆಂದದ ಪದ್ಧತಿ ನಮ್ಮದು. ಆದರೆ ಆ ಹೊತ್ತಿಗೆ ತಾಳಿ ಕಟ್ಟಿ ಆಗಿರುತ್ತದೆ. ಅಮೆರಿಕದ ಆ ಜೋಡಿಗಳು ಮದುವೆಗೆ ಮುಂಚೆ ತಿಳಿದುಕೊಳ್ಳುವುದನ್ನು ನಮ್ಮವರು ಮದುವೆಯಾದ ಮೇಲೆ ತಿಳಿದುಕೊಳ್ಳುತ್ತಾರೆ. ಇದು ಮಕ್ಕಳಿಗೆ ಆಗುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಮಗನ, ಮಗಳ ಮನಸ್ಸಿನಲ್ಲಿ ಯಾರೋ ಇದ್ದಾರೆಂದು ಗೊತ್ತಿದ್ದೂ ಸುಮ್ಮನಿರುವ ಅಪ್ಪ-ಅಮ್ಮಂದಿರೇ, ಈ ಸಲದ ಹಬ್ಬಕ್ಕೆ ಅವರನ್ನೂ ಕರೆಯಿರಿ. ಎಲೆ ಹಾಕುವ ಹೊತ್ತಿಗಲ್ಲ, ಬೆಳಿಗ್ಗೆಯೇ ಕರೆದು ಹೋಳಿಗೆ ಮಾಡುವ ಕೆಲಸಕ್ಕೂ ಸೇರಿಸಿಕೊಳ್ಳಿ.