ನೆಲ ನಿಂತರೂ ಬಡ್ಡಿ ನಿಲ್ಲದು

2015ರ ಏಪ್ರಿಲ್ 25ರಂದು ನೇಪಾಳದ ಗೋರ್ಖಾ ಸೀಮೆಯಲ್ಲಿ ಭೂಮಿ ನಡುಗಿತು. ಸುಮಾರು 9,000 ಜನ ಸತ್ತರು. ಲಕ್ಷಾಂತರ ಮನೆಗಳು ಉರುಳಿದವು. ಮನೆ ಕಟ್ಟಲು ಸರ್ಕಾರ ಕುಟುಂಬಕ್ಕೆ 3 ಲಕ್ಷ ನೇಪಾಳಿ ರೂಪಾಯಿ ಗೊತ್ತುಮಾಡಿತು. ಆದರೆ ಮೂರು ಕಂತು: ಮೊದಲು 50,000, ಅಡಿಪಾಯ ಮುಗಿದ ಮೇಲೆ ಒಂದೂವರೆ ಲಕ್ಷ, ಗೋಡೆ ಎದ್ದ ಮೇಲೆ ಉಳಿದದ್ದು. ಕೈಯಲ್ಲಿ ಕಾಸಿದ್ದವನು ಮುಂದಿನ ಕಂತು ಪಡೆದ. ಇಲ್ಲದವನು ಸಾಹುಕಾರನ ಬಾಗಿಲಿಗೆ ಹೋದ. ಮನೆಯೊಡನೆ ಸಾಲವೂ ಎದ್ದಿತು. ಅದನ್ನು ತೀರಿಸಲು ಎಷ್ಟೋ ಮನೆಯ ಮಕ್ಕಳು ಕೊಲ್ಲಿ ದೇಶಗಳಿಗೆ ಕೂಲಿಗೆ ಹೋದರು.

ನಮ್ಮ ಗಡಿಯಾಚೆಯ ಕಿಲ್ಲಾರಿಯೂ 1993ರಲ್ಲಿ ಕುಸಿದದ್ದನ್ನು ನಾವು ಮರೆಯಲಾರೆವು. ಆದ್ದರಿಂದ ಇಂದೇ ಕೇಳೋಣ: ಹಣ ಕೆಲಸಕ್ಕೆ ಮುಂಚೆ ಬರಲಿ, ಕೊರತೆ ಬಿದ್ದದ್ದಕ್ಕೆ ಸಹಕಾರ ಸಂಘದಿಂದ ಬಡ್ಡಿಯಿಲ್ಲದ ಸಾಲ ಸಿಗಲಿ. ಬಡವನ ಹೊಸ ಮನೆ ಸಾಹುಕಾರನ ಅಡವಾಗದಿರಲಿ!