ಗೋಡೆಗೆ ಬಳಿದ ಕೆಮ್ಮಣ್ಣು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬಣ್ಣದಂಗಡಿಯ ಮಾದರಿ ಪುಸ್ತಕದಲ್ಲಿ ‘ಟೆರಾಕೋಟಾ’ ಎಂಬ ಬಣ್ಣವೊಂದಿರುತ್ತದೆ. ಇಟಾಲಿಯನ್ ಭಾಷೆಯ ಈ ಪದಕ್ಕೆ ‘ಸುಟ್ಟ ಮಣ್ಣು’ ಎಂದರ್ಥ. ಮನೆಯೊಳಗೆ ಬೆಚ್ಚನೆಯ ಭಾವ ತರುವುದೆಂದು ನಗರದವರು ಹಣ ತೆತ್ತು ಬಳಿಸುವ ಈ ವರ್ಣ ನಮ್ಮ ಪ್ರತಿಯೊಂದು ಧರೆಯಲ್ಲಿಯೂ ಎದ್ದು ಕಾಣುತ್ತದೆ. ನಾವಾದರೋ ಕೆಮ್ಮಣ್ಣಿನ ಗೋಡೆಯನ್ನು ಹಳತೆಂದು ಭಾವಿಸಿ, ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿಯುತ್ತಿದ್ದೇವೆ. ಇದು ಬರಿಯ ಅಭಿರುಚಿಯ ಪ್ರಶ್ನೆಯಲ್ಲ. ಗೋಡೆಯ ಬಾಳಿಕೆಯ, ಮಕ್ಕಳ ಆರೋಗ್ಯದ ಪ್ರಶ್ನೆಯೂ ಹೌದು.

ನಮ್ಮ ಮಣ್ಣೇಕೆ ಕೆಂಪು? ಲಕ್ಷಾಂತರ ವರ್ಷಗಳ ಭಾರೀ ಮಳೆ ಶಿಲೆಯೊಳಗಿನ ಕರಗುವ ಅಂಶಗಳನ್ನು ತೊಳೆದೊಯ್ದಿದೆ. ಕಬ್ಬಿಣ ಹಾಗೂ ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದಿವೆ. ಕಬ್ಬಿಣದ ಆಕ್ಸೈಡ್ ಬಿಸಿಲಿಗೆ ಮಾಸುವುದಿಲ್ಲ, ಸುಣ್ಣದ ಕ್ಷಾರಕ್ಕೂ ಕೆಡುವುದಿಲ್ಲ. ಕರಾವಳಿಯ ದೇವಾಲಯಗಳ ಕಾವಿ ಕಲೆ, ಸುಣ್ಣದ ಗಾರೆಯ ಮೇಲೆ ಬಿಡಿಸಿದ್ದರೂ, ತಲೆಮಾರುಗಳ ಕಾಲ ಉಳಿದಿರುವುದು ಇದರಿಂದಲೇ. ಸಾಗರ, ಸೊರಬದ ಕಡೆಯ ದೀವರ ಹಸೆ ಚಿತ್ತಾರಕ್ಕೂ ಕೆಮ್ಮಣ್ಣಿನ ಗೋಡೆಯೇ ಹಿನ್ನೆಲೆ. ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳುಪು, ಹುರಿದು ಕರಿದಾದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಕುಂಚ ಪುಂಡಿ ನಾರಿನದು. ಅಂಗಡಿಯಿಂದ ತಂದದ್ದು ಏನೂ ಇಲ್ಲ.

ಮಳೆಗಾಲದಲ್ಲಿ ಮಣ್ಣಿನ ಗೋಡೆ ತೇವವನ್ನು ಹೀರುತ್ತದೆ, ಬಿಸಿಲು ಬಿದ್ದಾಗ ಹೊರಬಿಡುತ್ತದೆ. ಕೆಮ್ಮಣ್ಣೂ ಸುಣ್ಣವೂ ಈ ಉಸಿರಾಟಕ್ಕೆ ಅಡ್ಡಿಯಾಗವು. ಪ್ಲಾಸ್ಟಿಕ್ ಪದರವಾದರೋ ತೇವವನ್ನು ಒಳಗೇ ಬಂಧಿಸುತ್ತದೆ. ಬಣ್ಣ ಗುಳ್ಳೆಯೆದ್ದು ಹಕ್ಕಳೆಯಾಗುತ್ತದೆ, ಹಿಂದಿನ ಮಣ್ಣು ಸಡಿಲವಾಗುತ್ತದೆ.

ಇನ್ನು ಆರೋಗ್ಯದ ವಿಚಾರ. ಹಳದಿ, ಕಿತ್ತಳೆ, ಕೆಂಪು ಎನಾಮೆಲ್ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಬಹುಕಾಲ ಬಳಸಲಾಗುತ್ತಿತ್ತು. ಮಕ್ಕಳ ಮಿದುಳಿಗೆ ಸೀಸದ ಯಾವ ಪ್ರಮಾಣವೂ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಂದ್ರ ಸರ್ಕಾರ 2016ರಲ್ಲಿ ನಿಯಮ ರೂಪಿಸಿ, 2017ರ ನವೆಂಬರ್ 1ರಿಂದ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಲ್ಲಿ 90 ಭಾಗವನ್ನು ಮೀರಕೂಡದೆಂದು ವಿಧಿಸಿತು. ಡಬ್ಬಿ ಕೊಳ್ಳುವುದಾದರೆ ಈ ಒಕ್ಕಣೆಯನ್ನು ಓದಿ ಕೊಳ್ಳಿರಿ. ಅದಕ್ಕೂ ಹಿಂದೆ ಬಳಿದ ಎನಾಮೆಲ್ ಇರುವ ಬಾಗಿಲು, ಕಿಟಕಿ, ತೊಟ್ಟಿಲುಗಳನ್ನು ಒಣದಾಗಿ ಉಜ್ಜಬೇಡಿರಿ, ಸುಡಬೇಡಿರಿ. ನೀರು ಹಚ್ಚಿ ಕೆರೆಯಿರಿ. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಿರಿ. ಉದುರಿದ ಚಕ್ಕೆಗಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಕೆಮ್ಮಣ್ಣು ಬಳಿಯುವ ಕ್ರಮ ಕಠಿಣವಲ್ಲ. ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿಯುವಷ್ಟು ಹೊತ್ತು ಬಿಟ್ಟು, ಮೇಲಿನ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಿರಿ. ಅದನ್ನು ತಿಳಿಯಾಗಲು ಬಿಟ್ಟು ನೀರನ್ನು ಬಸಿದರೆ ನಯವಾದ ಗಸಿ ಉಳಿಯುತ್ತದೆ. ಅದಕ್ಕೆ ಅಂಟಿಗಾಗಿ ಅನ್ನದ ಗಂಜಿ ಬೆರೆಸಿ, ಮೊದಲು ಒಂದು ಮೂಲೆಯಲ್ಲಿ ಬಳಿದು ನೋಡಿರಿ. ಬಿರುಕು ಬಿಟ್ಟರೆ ಇನ್ನಷ್ಟು ತೆಳುವಾಗಿಸಿರಿ. ಕೈಗೆ ಅಂಟಿದರೆ ಗಂಜಿ ಹೆಚ್ಚಿಸಿರಿ. ಸಿಮೆಂಟ್ ಗೋಡೆಯಾದರೆ ಸುಣ್ಣದ ನೀರಿಗೆ ಕಾವಿ ಪುಡಿ ಬೆರೆಸುವುದು ಮೇಲು. ಪ್ಲಾಸ್ಟಿಕ್ ಬಣ್ಣದ ಮೇಲೆ ಇವೆರಡೂ ನಿಲ್ಲವು. ಮಳೆಗಾಲದ ಕತ್ತಲೆಯಲ್ಲಿ ಇಡೀ ಕೋಣೆಯನ್ನು ಕೆಂಪಾಗಿಸಿದರೆ ಬೆಳಕು ಕುಂದುತ್ತದೆ. ಸೊಂಟದೆತ್ತರದವರೆಗೆ ಕೆಮ್ಮಣ್ಣು, ಮೇಲೆ ಸುಣ್ಣ ಎಂಬ ಹಿರಿಯರ ಪದ್ಧತಿಯಲ್ಲಿ ವಿವೇಕವಿದೆ: ಕೊಳೆ ಕಾಣದು, ಬೆಳಕೂ ಉಳಿಯುವುದು. ಹಬ್ಬಕ್ಕೊಮ್ಮೆ ಮತ್ತೆ ಬಳಿಯಬೇಕು, ನಿಜ. ಆದರೆ ಆ ದುಡಿಮೆ ಮನೆಯ ಹೆಂಗಸರೊಬ್ಬರದೇ ಆಗಬಾರದು, ಗಂಡಸರೂ ಕೈಜೋಡಿಸಲಿ.

ಕೊನೆಯದಾಗಿ ಮಿತಿಯ ಮಾತು. ಗೋಡೆಗೆ ಬೇಕಾದದ್ದು ಕೆಲವು ಬುಟ್ಟಿ ಮಣ್ಣು. ಬಾವಿ ತೋಡಿದಾಗಲೋ ಪಾಯ ತೆಗೆದಾಗಲೋ ದೊರೆತದ್ದು ಸಾಕು. ಮನೆಯ ಹಿಂದಿನ ಧರೆಯ ಬುಡವನ್ನು ಕೆತ್ತಬಾರದು. ಕುದುರೆಮುಖದಲ್ಲಿ ಕಬ್ಬಿಣಕ್ಕಾಗಿ ಬೆಟ್ಟವನ್ನೇ ಅಗೆದಾಗ ಭದ್ರೆಗೆ ಹೂಳು ಹರಿಯಿತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಆ ಗಣಿ ನಿಂತಿತು. ಗೋಡೆಗೆ ಕೆಂಪು ಕೊಡುವುದೂ ಕಬ್ಬಿಣವೇ. ಬುಟ್ಟಿಯಲ್ಲಿ ಬಂದರೆ ಅದು ಮನೆಗೆ ಚೆಲುವು. ಬೆಟ್ಟವೇ ಕರಗಿ ಬಂದರೆ ಹೊಳೆಗೆ ಕೇಡು. ಈ ಅಂತರವನ್ನು ಅರಿತು, ಬರುವ ದೀಪಾವಳಿಗೆ ಒಂದು ಗೋಡೆಯನ್ನಾದರೂ ನಿಮ್ಮೂರ ಮಣ್ಣಿನಿಂದ ಬಳಿಯಿರೆಂದು ವಿನಂತಿಸುತ್ತೇನೆ.